ಅಣ್ಣನ ಮಾತ್ರೆ ಮತ್ತು ನಮ್ಮ ಪೇಟೆಂಟ್ ಕಾನೂನು

ಕಾರ್ನಿಷ್ ತುದಿಯಲ್ಲಿರುವ ಪಿರಮಿಡ್ ಆಕಾರದ ಶೆರಾಟನ್ ಹೋಟೆಲ್ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಶುಕ್ರವಾರ ಸಂಜೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದವರೇ ಎಲ್ಲರೂ. 2001ರ ನವೆಂಬರ್‌ನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮಂತ್ರಿಗಳ ಸಮ್ಮೇಳನ ನಡೆದಿದ್ದು ಅಲ್ಲೇ. ಅಲ್ಲಿ ಆದ ಒಂದು ತೀರ್ಮಾನಕ್ಕೂ ನಮ್ಮಣ್ಣ ದಿನಾ ನುಂಗುವ ಮಾತ್ರೆಗೂ ಸಂಬಂಧ ಇದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದು ಎಷ್ಟೋ ವರ್ಷ ಆದಮೇಲೆ.

ನಾನು ದೋಹಾಕ್ಕೆ ಬಂದಿದ್ದು 2011ರಲ್ಲಿ. ಅದೇ ವರ್ಷ ಅಣ್ಣನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಇಮಾಟಿನಿಬ್ ಅನ್ನೋ ಮಾತ್ರೆ ಬರೆದುಕೊಟ್ಟರು, ದಿನಾ ತಗೋಬೇಕು, ನಿಲ್ಲಿಸೋ ಹಾಗಿಲ್ಲ. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಆದರೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ. ಅದೇ ಔಷಧಿ ನಮ್ಮ ದೇಶದ ಕಂಪನಿಗಳದ್ದಾದರೆ ಎಂಟರಿಂದ ಹತ್ತು ಸಾವಿರ. ಆಗ ನನ್ನ ಸಂಬಳ 1,200 ರಿಯಾಲ್, ಊರಿನ ಲೆಕ್ಕದಲ್ಲಿ 15 ಸಾವಿರ. ಒಂದರಲ್ಲಿ ನನ್ನ ಅರ್ಧಕ್ಕಿಂತ ಹೆಚ್ಚು ಸಂಬಳ ಹೋಗುತ್ತದೆ, ಇನ್ನೊಂದರಲ್ಲಿ ಎಂಟು ತಿಂಗಳ ದುಡಿಮೆ ಒಂದು ತಿಂಗಳ ಮಾತ್ರೆಗೆ. ಇಷ್ಟು ವ್ಯತ್ಯಾಸ ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಕಥೆ.

ಸ್ವಾತಂತ್ರ್ಯ ಬಂದಮೇಲೂ ನಮ್ಮಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ 1911ರ ಪೇಟೆಂಟ್ ಕಾನೂನು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಅದರ ಬಗ್ಗೆ ದೊಡ್ಡ ವರದಿ ಕೊಟ್ಟರು. ಅದರ ಆಧಾರದ ಮೇಲೆ 1970ರಲ್ಲಿ ಹೊಸ ಕಾನೂನು ಆಯಿತು, 1972ರ ಏಪ್ರಿಲ್‌ನಿಂದ ಜಾರಿಗೆ ಬಂತು. ಔಷಧಿ ಮತ್ತು ಆಹಾರದಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ಮಾಡುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಡ್ಲಿ ಯಾರಪ್ಪನ ಸ್ವತ್ತೂ ಅಲ್ಲ, ನೀವು ಬೇಯಿಸುವ ವಿಧಾನ ಮಾತ್ರ ನಿಮ್ಮದು. ಬೇರೆ ವಿಧಾನದಲ್ಲಿ ಬೇಯಿಸಿ ನಾನೂ ಮಾರಬಹುದು. ಸಿಪ್ಲಾದಂಥ ಕಂಪನಿಗಳು ಬೆಳೆದಿದ್ದು ಹೀಗೆ. ಏಡ್ಸ್ ಔಷಧಿಗೆ ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ 10 ಸಾವಿರ ಡಾಲರ್ ದಾಟುತ್ತಿದ್ದಾಗ, 2001ರ ಫೆಬ್ರವರಿಯಲ್ಲಿ ಸಿಪ್ಲಾ 350 ಡಾಲರಿಗೆ ಕೊಡ್ತೀವಿ ಅಂತ ಮುಂದೆ ಬಂತು.

ಅಷ್ಟರಲ್ಲಿ ಆ ಕಾನೂನಿನ ಆಯಸ್ಸು ಮುಗಿಯುತ್ತಾ ಬಂದಿತ್ತು. ಡಂಕೆಲ್ ಅನ್ನೋ ಹೆಸರು ನಮ್ಮ ಮಂಡ್ಯ ಕಡೆಯವರಿಗೆ ಬೈಗುಳದ ಹಾಗೆ ಗೊತ್ತು. ಆರ್ಥರ್ ಡಂಕೆಲ್ ಗ್ಯಾಟ್ ಸಂಸ್ಥೆಯ ಮುಖ್ಯಸ್ಥ. 1991ರ ಕೊನೆಗೆ ಆತ ಮುಂದಿಟ್ಟ ಕರಡಿನಲ್ಲಿ ಬೀಜ, ಔಷಧಿ ಎಲ್ಲದಕ್ಕೂ ಹಕ್ಕುಸ್ವಾಮ್ಯದ ಮಾತಿತ್ತು. ನಮ್ಮಪ್ಪ ಹಸಿರು ಶಾಲು ಹಾಕ್ಕೊಂಡು ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರಂತೆ. 1992ರ ಡಿಸೆಂಬರ್‌ನಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟರು. ನಾನಾಗ ನಾಲ್ಕು ವರ್ಷದವನು.

ಪ್ರತಿಭಟನೆಯಿಂದ ಒಪ್ಪಂದ ನಿಲ್ಲಲಿಲ್ಲ. 1994ರಲ್ಲಿ ಮರಾಕೆಶ್‌ನಲ್ಲಿ ಸಹಿ ಆಯಿತು. 1995ರ ಜನವರಿ 1ರಿಂದ ವಿಶ್ವ ವಾಣಿಜ್ಯ ಸಂಸ್ಥೆ ಶುರು. ಔಷಧಿಗೂ ವಸ್ತು ಪೇಟೆಂಟ್ ಕೊಡಬೇಕು, 20 ವರ್ಷ. ಇಂಡಿಯಾಕ್ಕೆ 2005ರವರೆಗೆ ಗಡುವು. ಅಲ್ಲಿಯವರೆಗೆ ಬರುವ ಅರ್ಜಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟುಕೊಳ್ಳುವ ವ್ಯವಸ್ಥೆಯಾದರೂ ಮಾಡಬೇಕಿತ್ತು. ಅದಕ್ಕೆ ತಂದ ಸುಗ್ರೀವಾಜ್ಞೆ ಬಿದ್ದುಹೋಯಿತು, ಮಸೂದೆ ರಾಜ್ಯಸಭೆ ದಾಟಲಿಲ್ಲ. ಅಮೆರಿಕ ದೂರು ಕೊಟ್ಟಿತು, 1997ರಲ್ಲಿ ನಮ್ಮ ವಿರುದ್ಧ ತೀರ್ಪು ಬಂತು. 1999ರಲ್ಲಿ ಮೊದಲ ತಿದ್ದುಪಡಿ, 2002ರಲ್ಲಿ ಎರಡನೆಯದು.

ಈ ಎರಡರ ನಡುವೆ ಬಂದಿದ್ದು ದೋಹಾ. ಆಗಿನ ಸನ್ನಿವೇಶ ನೋಡಿ. ಅದಕ್ಕೆ ಸ್ವಲ್ಪ ಮೊದಲು ಅಮೆರಿಕದಲ್ಲಿ ಅಂಚೆ ಮೂಲಕ ಅಂಥ್ರಾಕ್ಸ್ ಪುಡಿ ಬಂದು ಜನ ಸತ್ತಿದ್ದರು. ಅದಕ್ಕೆ ಬೇಕಾದ ಸಿಪ್ರೊ ಮಾತ್ರೆಯ ಬೆಲೆ ಇಳಿಸದಿದ್ದರೆ ಪೇಟೆಂಟನ್ನೇ ಪಕ್ಕಕ್ಕಿಡ್ತೀವಿ ಅಂತ ಅಮೆರಿಕ ಸರ್ಕಾರವೇ ಬೇಯರ್ ಕಂಪನಿಗೆ ಹೆದರಿಸಿತ್ತು. ತನಗೊಂದು ನ್ಯಾಯ, ಬಡ ದೇಶಕ್ಕೊಂದು ನ್ಯಾಯ ಅನ್ನೋಕೆ ಆಗ ಬಾಯಿ ಎಲ್ಲಿತ್ತು? ಆಫ್ರಿಕದ ದೇಶಗಳು, ಬ್ರೆಜಿಲ್, ಇಂಡಿಯಾ ಒಟ್ಟಿಗೆ ನಿಂತವು. ನಮ್ಮ ಕಡೆಯಿಂದ ವಾಣಿಜ್ಯ ಮಂತ್ರಿ ಮುರಸೊಲಿ ಮಾರನ್ ಬಂದಿದ್ದರು. ಜನರ ಆರೋಗ್ಯ ಕಾಪಾಡುವುದಕ್ಕೆ ಪೇಟೆಂಟ್ ನಿಯಮ ಅಡ್ಡ ಬರಬಾರದು, ಯಾವ ಕಾರಣಕ್ಕೆ ಕಡ್ಡಾಯ ಲೈಸೆನ್ಸ್ ಕೊಡಬೇಕು ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದು ಅಂತ ನವೆಂಬರ್ 14ರಂದು ಬರವಣಿಗೆಯಲ್ಲಿ ಬಂತು.

ಆ ಬರವಣಿಗೆಯ ಬಲ 2005ರಲ್ಲಿ ಕೆಲಸಕ್ಕೆ ಬಂತು. 2004ರ ಡಿಸೆಂಬರ್ 26ರಂದು, ಸುನಾಮಿ ಬಂದ ದಿನವೇ, ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತ್ತು. ಅದು ಸಂಸತ್ತಿಗೆ ಬಂದಾಗ, ಹೊರಗಿನಿಂದ ಬೆಂಬಲ ಕೊಡುತ್ತಿದ್ದ ಎಡಪಕ್ಷಗಳು ಹಿಡಿದು ನಿಲ್ಲಿಸಿ ಬದಲಾವಣೆ ಮಾಡಿಸಿದವು. ಅದರಲ್ಲಿ ಮುಖ್ಯವಾದದ್ದು ಸೆಕ್ಷನ್ 3(ಡಿ). ಗೊತ್ತಿರುವ ಔಷಧಿಯನ್ನೇ ಸ್ವಲ್ಪ ರೂಪ ಬದಲಿಸಿ ತಂದರೆ, ಗುಣ ನಿಜವಾಗಿ ಹೆಚ್ಚಿದ್ದರೆ ಮಾತ್ರ ಪೇಟೆಂಟ್. ಇಡ್ಲಿಯನ್ನು ತಟ್ಟೆಯಲ್ಲಿ ಹುಯ್ದು ತಟ್ಟೆ ಇಡ್ಲಿ ಅಂತ ಇನ್ನೊಂದು 20 ವರ್ಷ ಕೇಳೋ ಹಾಗಿಲ್ಲ. ಎಲೆಕ್ಟ್ರಿಷಿಯನ್ ಆಗಿ ನನಗೆ ಅನ್ನಿಸುವುದು ಇಷ್ಟು: ಇನ್ಸ್‌ಪೆಕ್ಟರ್ ಹೇಳಿದ ಹಾಗೆ ಇಡೀ ಮನೆಯ ವೈರಿಂಗ್ ಬದಲಿಸಿದೆವು, ಆದರೆ ನಮ್ಮದೇ ಒಂದು ಬ್ರೇಕರ್ ಕೂರಿಸಿಯೇ ಬದಲಿಸಿದೆವು.

ಆ ಬ್ರೇಕರ್ ಮೊದಲು ಟ್ರಿಪ್ ಆಗಿದ್ದೇ ಅಣ್ಣನ ಮಾತ್ರೆಗೆ. ಇಮಾಟಿನಿಬ್‌ನ ಹೊಸ ಹರಳಿನ ರೂಪಕ್ಕೆ ನೊವಾರ್ಟಿಸ್ 1998ರಲ್ಲೇ ಅರ್ಜಿ ಹಾಕಿತ್ತು. ಕ್ಯಾನ್ಸರ್ ರೋಗಿಗಳ ಒಂದು ಸಂಘವೂ ನಮ್ಮ ಕಂಪನಿಗಳೂ ತಕರಾರು ಹಾಕಿದವು. 2006ರಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. 3(ಡಿ) ಅನ್ನೇ ಪ್ರಶ್ನಿಸಿದ ಕೇಸು ಮದ್ರಾಸ್ ಹೈಕೋರ್ಟಿನಲ್ಲಿ 2007ರಲ್ಲಿ ಬಿತ್ತು. ಕೊನೆಗೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತೀರ್ಪು: ಹೊಸ ರೂಪ ದೇಹಕ್ಕೆ ಶೇ. 30 ಹೆಚ್ಚು ಸೇರುತ್ತದೆ ಅಂದರೆ ಸಾಲದು, ರೋಗ ಗುಣಪಡಿಸುವ ಶಕ್ತಿ ಹೆಚ್ಚಿದೆ ಅಂತ ತೋರಿಸಬೇಕು. ಅವತ್ತು ಕ್ಯಾಂಪಿನ ಟಿವಿಯಲ್ಲಿ ಸುದ್ದಿ ಬಂದಿದ್ದರೂ ನಾನು ನೋಡಿರಲಿಕ್ಕಿಲ್ಲ, ನೋಡಿದ್ದರೂ ಅರ್ಥ ಆಗುತ್ತಿರಲಿಲ್ಲ.

ಎಲ್ಲಾ ಗೆದ್ದೆವು ಅನ್ನೋಕಾಗಲ್ಲ. ನಿಜವಾಗಿ ಹೊಸದಾಗಿ ಕಂಡುಹಿಡಿದ ಔಷಧಿಗಳಿಗೆ ಈಗ ಪೇಟೆಂಟ್ ಇದೆ, ಬೆಲೆಯೂ ಹಾಗೇ ಇದೆ. ಕಡ್ಡಾಯ ಲೈಸೆನ್ಸ್ ಸಿಕ್ಕಿದ್ದು ಒಂದೇ ಒಂದು, 2012ರಲ್ಲಿ ನ್ಯಾಟ್ಕೊ ಕಂಪನಿಗೆ. ತಿಂಗಳಿಗೆ 2 ಲಕ್ಷ 80 ಸಾವಿರ ಇದ್ದ ಕ್ಯಾನ್ಸರ್ ಔಷಧಿ 8,880 ರೂಪಾಯಿಗೆ ಇಳಿಯಿತು.

ಹೋದ ರಜೆಯಲ್ಲಿ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪಕ್ಕದಲ್ಲಿ ಅಣ್ಣ ಊಟ ಮುಗಿಸಿ ಮಾತ್ರೆ ನುಂಗುತ್ತಿದ್ದ. ಅಪ್ಪ ಎಲ್ಲಾ ಕೇಳಿಸಿಕೊಂಡು, "ಅದ್ಸರಿ, ಬಿತ್ತನೆ ಬೀಜದ್ದು ಏನಾಯ್ತಪ್ಪ?" ಅಂದರು. ಅದಕ್ಕೂ 2001ರಲ್ಲೇ ಬೇರೆ ಕಾನೂನು ಆಗಿದೆ, ಬೆಳೆದ ಬೀಜ ಇಟ್ಟುಕೊಳ್ಳುವ, ಬಿತ್ತುವ, ಕೊಟ್ಟು ತೆಗೆದುಕೊಳ್ಳುವ ಹಕ್ಕು ರೈತನಿಗೆ ಇದೆ ಅಂದೆ. "ಪೂರ್ತಿ ಓದ್ಕೊಂಡು ಬಂದು ಹೇಳು" ಅಂದರು. ಮೊಬೈಲಿನಲ್ಲಿ ಇಳಿಸಿಕೊಂಡಿದ್ದೇನೆ, ರಾತ್ರಿ ಪಾಳಿ ಇಲ್ಲದ ದಿನ ಓದುತ್ತಿದ್ದೇನೆ.