ಹಾಲಿನ ಇಂಜೆಕ್ಷನ್ನು, ಬಾಣಂತಿ ಮತ್ತು ಬಟಾಣಿ ಗಾತ್ರದ ಒಂದು ಗ್ರಂಥಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯವರಿಗೆ 'ಹಾಲಿನ ಇಂಜೆಕ್ಷನ್' ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮದು ರೇಷ್ಮೆ ಮತ್ತು ಹಾಲಿನ ಸೀಮೆ. ಕರು ಸತ್ತ ಹಸು ಹಾಲಿಳಿಸದೆ ನಿಂತಾಗ ಕೆಲವರು ಚುಚ್ಚುವ ಆ ಮದ್ದಿನ ಹೆಸರು ಆಕ್ಸಿಟೋಸಿನ್. ಅದನ್ನು ಬೈದು ಬರೆದದ್ದನ್ನು ನೀವೂ ಸಾಕಷ್ಟು ಓದಿರುತ್ತೀರಿ. ಅದೇ ಮದ್ದು ಹೆರಿಗೆ ವಾರ್ಡಿನಲ್ಲಿ ಹೆಂಗಸರ ಜೀವ ಉಳಿಸುತ್ತದೆ ಅನ್ನೋದನ್ನು ಬರೆದವರು ಕಡಿಮೆ. ಅದಕ್ಕೇ ಈ ಪೋಸ್ಟು.

ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಹೆಸರಿಗೆ ಒಂದೇ ಗ್ರಂಥಿ, ಮುಂಭಾಗ ಹಿಂಭಾಗದ ಸಂಸಾರ ಮಾತ್ರ ಬೇರೆ ಬೇರೆ! 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ದನದ ಪಿಟ್ಯುಟರಿಯ ಹಿಂಭಾಗದ ಸಾರವನ್ನು ಬೆಕ್ಕಿಗೆ ಕೊಟ್ಟು ನೋಡಿದರು, ಅದರ ಗರ್ಭಕೋಶ ಬಿಗಿಯಾಗಿ ಸಂಕುಚಿಸಿತು. 1909ರಲ್ಲಿ ಲಿವರ್‌ಪೂಲಿನ ಬ್ಲೇರ್-ಬೆಲ್ ಎಂಬ ಡಾಕ್ಟರು ಇದನ್ನು ಹೆರಿಗೆಗೆ ತಂದರು. 1910ರಲ್ಲಿ ಆಟ್ ಮತ್ತು ಸ್ಕಾಟ್ ಅನ್ನೋರು ಮೇಕೆಗೆ ಕೊಟ್ಟಾಗ ಹಾಲು ಇಳಿಯಿತು. ನೋಡಿ, ಹೆರಿಗೆ ಮನೆಗೂ ಕೊಟ್ಟಿಗೆಗೂ ಮದ್ದು ಹೊಕ್ಕಿದ್ದು ಹೆಚ್ಚುಕಡಿಮೆ ಒಟ್ಟಿಗೇ. ಮೊದಮೊದಲು ಕಸಾಯಿಖಾನೆಯ ಗ್ರಂಥಿಗಳಿಂದಲೇ ತೆಗೆಯುತ್ತಿದ್ದರು. 1953ರಲ್ಲಿ ಅಮೆರಿಕದ ಡು ವಿನ್ಯೋ 9 ಅಮೈನೋ ಆಮ್ಲಗಳ ಈ ಹಾರ್ಮೋನನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. 1955ರಲ್ಲಿ ನೊಬೆಲ್ ಬಂತು.

ಇನ್ನು ಮುಂಭಾಗದ ಕತೆ. ಇದು ನೋವಿನದು.

ಬಸುರಿಯಲ್ಲಿ ಈ ಗ್ರಂಥಿ ದಪ್ಪವಾಗುತ್ತದೆ, ರಕ್ತದ ಸರಬರಾಜು ಮಾತ್ರ ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿ.ಪಿ. ಕುಸಿದರೆ ಮುಂಭಾಗ ಸತ್ತೇಹೋಗಬಹುದು. ಹೆರಿಗೆಯ ನಂತರ ತೀರಿಕೊಂಡ ಹೆಂಗಸರ ಶವಪರೀಕ್ಷೆ ಮಾಡಿ ಇದನ್ನು 1937ರಲ್ಲಿ ವಿವರಿಸಿದವರು ಹೆರಾಲ್ಡ್ ಶೀಹನ್. ಹಾಗಾಗಿ ಕಾಯಿಲೆಯ ಹೆಸರು ಶೀಹನ್ ಸಿಂಡ್ರೋಮ್. ಬದುಕಿ ಉಳಿದವಳಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ, ಬೇಸಿಗೆಯಲ್ಲೂ ಚಳಿ, ಏಳಲಾರದ ಸುಸ್ತು. 'ಬಾಣಂತನ ಸರಿಯಾಗಲಿಲ್ಲ, ಪಥ್ಯ ಮುರಿದಳು' ಅಂತ ಮನೆಮಂದಿ ಅವಳನ್ನೇ ಅಂದುಬಿಡುತ್ತಾರೆ. ವರ್ಷಗಳ ಮೇಲೆ ಒಂದು ಜ್ವರ ಬಂದು ಎಚ್ಚರ ತಪ್ಪಿದಾಗಲೇ ಎಷ್ಟೋ ಸಲ ನಿಜ ತಿಳಿಯುವುದು.

ಹೊಟ್ಟೆ ಉರಿಯುವ ವಿಷಯ ಅಂದರೆ ಮದ್ದು ದುಬಾರಿಯದಲ್ಲ. ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್, ಜೊತೆಗೆ ಥೈರಾಕ್ಸಿನ್. ಮಾತ್ರೆ ಬದುಕಿರುವ ತನಕ ಬೇಕು. ಸ್ಟೀರಾಯ್ಡ್ ಮೊದಲು, ಥೈರಾಕ್ಸಿನ್ ಆಮೇಲೆ. ಇದು ತಿರುಗುಮುರುಗಾದರೆ ಜೀವಕ್ಕೇ ಅಪಾಯ. (ಅಂದ ಹಾಗೆ, ಕೊಳಕುಮಂಡಲ ಕಚ್ಚಿದರೂ ಇದೇ ಗ್ರಂಥಿ ಹೀಗೇ ಸಾಯಬಹುದು. ಬರ್ಮಾದ ರೋಗಿಗಳ ಬಗ್ಗೆ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ನಮ್ಮ ಕಡಲೆಕಾಯಿ ಹೊಲಗಳಲ್ಲೂ ಈ ಹಾವಿಗೆ ಬರವಿಲ್ಲ.)

ರಕ್ತಸ್ರಾವವನ್ನೇ ತಡೆದರೆ? ಹಿಂಭಾಗದ ಹಾರ್ಮೋನು, ಅಂದರೆ ಆಕ್ಸಿಟೋಸಿನ್, ಅದೇ ಕೆಲಸ ಮಾಡುತ್ತದೆ. ಮಗು ಹುಟ್ಟಿದ ಕೂಡಲೇ ಕೊಟ್ಟರೆ ಗರ್ಭಕೋಶ ಮುಷ್ಟಿ ಹಿಡಿದಂತಾಗಿ ರಕ್ತ ನಿಲ್ಲುತ್ತದೆ. ಗ್ರಂಥಿಯ ಒಂದು ಭಾಗ ಇನ್ನೊಂದನ್ನು ಕಾಯುತ್ತದೆ ಅನ್ನಿ! ಆದರೆ ಅದಕ್ಕೆ ಫ್ರಿಜ್ಜು ಬೇಕು, ಸೂಜಿ ಹಾಕಲು ಕಲಿತ ಕೈ ಬೇಕು. ಸೂಲಗಿತ್ತಿಯ ಹತ್ತಿರ ಎರಡೂ ಇರಲಿಲ್ಲ. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆಯಿತು, ಸರಿ. ಆದರೆ ಗೌರಿಬಿದನೂರಿನಿಂದ ಅಲ್ಲಿಗೆ ಎಪ್ಪತ್ತು ಕಿಲೋಮೀಟರ್ ಮೇಲಾಗುತ್ತದೆ, ಸುರಿಯುವ ರಕ್ತ ಅಷ್ಟು ಹೊತ್ತು ಕಾಯುತ್ತದೆಯೇ?

ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ, ಆ ಜಿಲ್ಲೆಯ ಹಳ್ಳಿಗಳ 1620 ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಮಂದಿಗೆ ಎ.ಎನ್.ಎಂ. ಸಿಸ್ಟರುಗಳು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಇದು ಪಿಟ್ಯುಟರಿಯ ಹಾರ್ಮೋನಲ್ಲ, ಆದರೆ ಗರ್ಭಕೋಶವನ್ನು ಬಿಗಿಸುತ್ತದೆ. ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಹೆಚ್ಚು ರಕ್ತ ಹೋದವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೂ ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿ ಅಂದರೆ ನಮಗೆ ಗಡಿ ಜಗಳ, ಕುಂದಾ ನೆನಪಾಗುತ್ತವೆ, ಇದು ನೆನಪಾಗುವುದಿಲ್ಲ :)

ಇಷ್ಟಾದ ಮೇಲೂ ಕೊಟ್ಟಿಗೆಯ ದೂರು ಹೆರಿಗೆ ವಾರ್ಡಿಗೆ ಬಂದು ತಟ್ಟಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಹಸುಗಳಿಗೆ ದುರುಪಯೋಗ ಆಗುತ್ತಿದೆ ಅಂತ, ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿಯ ತಲೆ ಮೇಲೆ! ಹಸುವಿಗೆ ಹಿಂಸೆ ಆಗುವುದು ಸುಳ್ಳಲ್ಲ, ಅದು ನಿಲ್ಲಲೇಬೇಕು. ಆದರೆ ಒಂದೇ ಕಾರ್ಖಾನೆ ಕೈಕೊಟ್ಟರೆ ಬಾಣಂತಿಯರ ಗತಿ? ಅಖಿಲ ಭಾರತ ಔಷಧ ಕ್ರಿಯಾ ಜಾಲದವರು, ಕಂಪನಿಗಳು ಕೋರ್ಟಿಗೆ ಹೋದರು. 2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಯಿತು.

ಈಗ ಚಿಕ್ಕಬಳ್ಳಾಪುರದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಆದರೂ ಹಳೇ ಹೆರಿಗೆಗಳ ಹೆಂಗಸರು ನಮ್ಮ ಮನೆಗಳಲ್ಲಿ ಇದ್ದಾರೆ. ತುಂಬಾ ರಕ್ತ ಹೋಗಿತ್ತು, ಹಾಲು ಬರಲೇ ಇಲ್ಲ, ಆಮೇಲೆ ಮುಟ್ಟೂ ಆಗಲಿಲ್ಲ ಅನ್ನುವವರು ಯಾರಾದರೂ ಇದ್ದರೆ, ಈ ಮೂರನ್ನೂ ಡಾಕ್ಟರ ಹತ್ತಿರ ಒಟ್ಟಿಗೇ ಹೇಳಿ. ನಿಮ್ಮೂರ ಕಡೆ ಇಂಥ ಬಾಣಂತಿಯರ ಬಗ್ಗೆ ಏನನ್ನುತ್ತಿದ್ದರು? ಕಾಮೆಂಟಿನಲ್ಲಿ ಬರೆಯಿರಿ.