ಸುಸ್ತು ಒಂದೇ, ಇಂಗ್ಲಿಷಿನಲ್ಲಿ ಪದ ಹಲವು

ಕನ್ನಡದ ಆಡುಮಾತಿನಲ್ಲಿ ‘ಸುಸ್ತು’ ಎಂಬ ಒಂದೇ ಪದವು ದುಡಿಮೆಯ ದಣಿವು, ಕಾಯಿಲೆಯ ನಿಶ್ಶಕ್ತಿ, ಮೈಯ ಜಡತೆ ಮೂರನ್ನೂ ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಇವುಗಳಿಗೆ ಬೇರೆ ಬೇರೆ ಪದಗಳಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಉದ್ಯೋಗಕ್ಕೋ ಚಿಕಿತ್ಸೆಗೋ ಬೆಂಗಳೂರಿಗೆ ಹೋಗುವವರು ಕನ್ನಡ ಬಾರದ ವೈದ್ಯರ ಮುಂದೆ ಅಥವಾ ರಜೆ ಅರ್ಜಿಯಲ್ಲಿ ಯಾವ ಪದ ಬಳಸುತ್ತಾರೆ ಎಂಬುದರ ಮೇಲೆ ಅರ್ಥ ನಿಂತಿರುತ್ತದೆ.

ದಣಿವು, ನಿಶ್ಶಕ್ತಿ

ದಿನವಿಡೀ ದುಡಿದವರ ಸಹಜ ದಣಿವಿಗೆ ‘ಟಯರ್ಡ್’ ಸಾಕು. ಶಿಡ್ಲಘಟ್ಟದ ರೇಷ್ಮೆ ಘಟಕಗಳಲ್ಲಿ ಬಿಸಿನೀರಿನ ಮುಂದೆ ನಿಂತು ನೂಲು ಬಿಚ್ಚುವವರ ಸಂಜೆಯ ಆಯಾಸ ಇಂಥದು. ಶಕ್ತಿಯೆಲ್ಲ ಸೋರಿಹೋಗಿದ್ದರೆ ‘ಎಕ್ಸಾಸ್ಟೆಡ್’. ವಿಶ್ರಾಂತಿ ಪಡೆದರೂ ನೀಗದೆ ದಿನಗಟ್ಟಲೆ ಉಳಿಯುವ ಬಳಲಿಕೆಯನ್ನು ವೈದ್ಯರು ‘ಫಟೀಗ್’ ಎನ್ನುತ್ತಾರೆ. ಕೈಕಾಲಿನ ಬಲವೇ ಕುಂದಿ ವಸ್ತು ಎತ್ತಲಾಗದಿದ್ದರೆ ‘ವೀಕ್’ ಸರಿಯಾದ ಪದ.

‘ಐ ಆಮ್ ಟಯರಿಂಗ್’ ಎಂಬುದು ಸಾಮಾನ್ಯವಾಗಿ ಕೇಳಿಬರುವ ತಪ್ಪು ಪ್ರಯೋಗ, ‘ಟಯರ್ಡ್’ ಎನ್ನಬೇಕು. ‘ಟಯರ್ಡ್ ಆಫ್ ವರ್ಕ್’ ಎಂದರೆ ಕೆಲಸ ಬೇಸರವಾಗಿದೆ ಎಂದರ್ಥ. ಕೆಲಸದಿಂದ ದಣಿದಿರುವುದಕ್ಕೆ ‘ಟಯರ್ಡ್ ಫ್ರಮ್ ವರ್ಕ್’. ರಜೆ ಅರ್ಜಿಯಲ್ಲಿ ಈ ಎರಡು ಅದಲುಬದಲಾದರೆ ಮೇಲಧಿಕಾರಿಯ ತೀರ್ಮಾನವೂ ಬದಲಾದೀತು.

ನಿಧಾನ ಚಲನೆ

ಮೈ ಭಾರವಾಗಿ ಚುರುಕು ಕಳೆದುಕೊಂಡ ಸ್ಥಿತಿ ‘ಸ್ಲಗಿಶ್’. ಯಾವುದರಲ್ಲೂ ಉತ್ಸಾಹವಿಲ್ಲದ ಮಂಕುತನವೂ ಕೂಡಿದ್ದರೆ ‘ಲೆಥಾರ್ಜಿಕ್’. ನಿದ್ದೆಯ ಮಂಪರಿಗೆ ‘ಡ್ರೌಸಿ’. ವ್ಯಕ್ತಿಯನ್ನು ಬರೀ ‘ಸ್ಲೋ’ ಎಂದರೆ ಮಂದಬುದ್ಧಿ ಎಂಬ ಧ್ವನಿಯೂ ಹೊರಡುವುದರಿಂದ ‘ವಾಕ್ಸ್ ಸ್ಲೋಲಿ’ ಎನ್ನುವುದು ಲೇಸು. ಕನ್ನಡದಲ್ಲಿ ‘ಕಾಲೆಳೆಯುವುದು’ ಗೇಲಿಯಾದರೆ, ಇಂಗ್ಲಿಷಿನ ‘ಡ್ರ್ಯಾಗಿಂಗ್ ಫೀಟ್’ಗೆ ಬೇಕೆಂದೇ ತಡಮಾಡುವುದು ಎಂಬ ಅರ್ಥವುಂಟು.

‘ಸ್ಟಿಫ್’ ಮರೆಯಬಾರದು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ತಲೆದೋರಬಹುದು. ಕೀಲುನೋವು, ಬೆನ್ನು ಮತ್ತು ಕತ್ತಿನ ಬಿಗಿತ ಅದರ ಆರಂಭದ ಲಕ್ಷಣಗಳು. ಬಾಗಲು, ತಿರುಗಲು ಆಗದ ಈ ಬಿಗಿತಕ್ಕೆ ಇಂಗ್ಲಿಷಿನಲ್ಲಿ ‘ಸ್ಟಿಫ್’ ಎನ್ನುತ್ತಾರೆ. ಇದನ್ನು ‘ಟಯರ್ಡ್’ ಎಂದಷ್ಟೇ ಹೇಳಿದರೆ ವೈದ್ಯರ ಗಮನ ರಕ್ತಹೀನತೆಯತ್ತಲೋ ನಿದ್ರಾಹೀನತೆಯತ್ತಲೋ ಹರಿಯುವ ಸಂಭವವಿದೆ.

ಪದ ಹೊಳೆಯದಿದ್ದಲ್ಲಿ ಎಷ್ಟು ದಿನದಿಂದ, ಯಾವ ಭಾಗದಲ್ಲಿ, ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬ ಮೂರು ಸಂಗತಿಗಳನ್ನು ಸರಳ ವಾಕ್ಯಗಳಲ್ಲಿ ತಿಳಿಸುವುದು ಉತ್ತಮ. ‘ಐ ಕೆನಾಟ್ ಬೆಂಡ್ ಮೈ ಬ್ಯಾಕ್’ ಎಂಬ ಒಂದು ಸಾಲು ಹತ್ತು ಬಾರಿ ಹೇಳಿದ ಸುಸ್ತಿಗಿಂತ ಹೆಚ್ಚು ತಿಳಿಸುತ್ತದೆ.