‘ಸ್ಥಳದಲ್ಲೇ ಸಾವು’ ಅಂತ ಬರೆಯೋ ಮುಂಚೆ

ನಮ್ಮ ನ್ಯೂಸ್ ರೂಮಿನಲ್ಲಿ ಅತಿ ಹೆಚ್ಚು ಸಲ ಟೈಪ್ ಆಗುವ ಎರಡು ಪದ ಯಾವುದು ಗೊತ್ತಾ? ‘ಸ್ಥಳದಲ್ಲೇ ಸಾವು.’ ಮುಳಬಾಗಿಲು ಬಳಿ ಲಾರಿ-ಕಾರು ಡಿಕ್ಕಿ, ಸ್ಥಳದಲ್ಲೇ ಸಾವು. ಮಾಲೂರು ರಸ್ತೆಯಲ್ಲಿ ಬೈಕ್ ಪಲ್ಟಿ, ಸ್ಥಳದಲ್ಲೇ ಸಾವು. ಸ್ಕ್ರೀನಿನ ಕೆಳಗೆ ಕೆಂಪು ಪಟ್ಟಿ ಓಡುತ್ತೆ, ನಾನು ಮುಂದಿನ ಸುದ್ದಿಗೆ ಹೋಗ್ತೀನಿ.

ಇವತ್ತು ಮುಂದಿನ ಸುದ್ದಿಗೆ ಹೋಗಲ್ಲ. ಸತ್ತಿದ್ದು ನಿಜವಾಗಿಯೂ ಸ್ಥಳದಲ್ಲೇನಾ ಅಂತ ಕೇಳಬೇಕಿದೆ.

1998. ನಾನಾಗ ನಾಲ್ಕನೇ ಕ್ಲಾಸು. ಮುಳಬಾಗಿಲು ಕಡೆಯಿಂದ ಸ್ಕೂಟರಿನಲ್ಲಿ ಬರ್ತಿದ್ದ ನಮ್ಮ ದೊಡ್ಡಪ್ಪನಿಗೆ ಹೆದ್ದಾರಿಯಲ್ಲಿ ಒಂದು ವಾಹನ ಗುದ್ದಿ ಹೋಯ್ತು. ಪುಣ್ಯಾತ್ಮ ಲಾರಿ ಡ್ರೈವರೊಬ್ಬ ಎತ್ತಿ ಹಾಕಿಕೊಂಡ. ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ‘ಇದು ಪೊಲೀಸ್ ಕೇಸು, ಬೇರೆ ಕಡೆ ಹೋಗಿ’ ಅಂದ್ರು. ಬೆಂಗಳೂರಿನ ದಾರಿಯಲ್ಲಿ ಜೀವ ಹೋಯ್ತು. ಆ ಒಂದು ಗಂಟೆ ದೊಡ್ಡಪ್ಪ ಮಾತಾಡ್ತಿದ್ರಂತೆ. ಸ್ಕೂಟರ್ ಏನಾಯ್ತು, ಮನೆಗೆ ಯಾರು ಹೇಳ್ತಾರೆ ಅಂತ ಕೇಳ್ತಿದ್ರಂತೆ. ಮರುದಿನ ಪೇಪರಿನಲ್ಲಿ ಎರಡು ಸಾಲು ಬಂತು: ಸ್ಕೂಟರ್ ಸವಾರ ಸ್ಥಳದಲ್ಲೇ ಸಾವು. ಇವತ್ತಿಗೂ ನಮ್ಮ ದೊಡ್ಡಮ್ಮ ಆ ಸಾಲನ್ನು ಒಪ್ಪಲ್ಲ.

ಹಾಗಾದ್ರೆ ಆ ಒಂದು ಗಂಟೆಯ ಇತಿಹಾಸ ಏನು? ನಮ್ಮ ಕೋಲಾರದಲ್ಲಿ ಅದು ಹೇಗೆ ಬೆಳೀತು?

ಈ ಜಿಲ್ಲೆಯಲ್ಲಿ ಅಪಾಯವನ್ನು ಮೊದಲು ಲೆಕ್ಕಕ್ಕೆ ತಗೊಂಡಿದ್ದು ಚಿನ್ನ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ನಲ್ಲಿ ಗಣಿ ಇಳಿಸಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಹೋಯ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ತಡೆಯದೆ ಕಲ್ಲು ಬಾಂಬಿನ ಹಾಗೆ ಸಿಡಿಯುತ್ತಿತ್ತು. ‘ರಾಕ್ ಬರ್ಸ್ಟ್’ ಅಂದ್ರೆ ಗಣಿ ಕಾರ್ಮಿಕರ ಮನೆಮಂದಿ ನಡುಗುತ್ತಿದ್ರು. ಅಪಾಯ ಗೊತ್ತಿತ್ತು, ಚಿನ್ನವೂ ಬೇಕಿತ್ತು. ಹಾಗಾಗಿ ಕಂಪನಿ ತನ್ನದೇ ಆಸ್ಪತ್ರೆ ಕಟ್ಟಿಕೊಳ್ತು.

ಉಳಿದ ತಾಲ್ಲೂಕುಗಳಿಗೆ? ಕೋಲಾರ ಪಟ್ಟಣದಲ್ಲಿ 1910ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಶುರು ಮಾಡಿದ ಇ.ಟಿ.ಸಿ.ಎಂ. ಆಸ್ಪತ್ರೆ ಇತ್ತು. ಜಿಲ್ಲೆಯ ಬಡವರಿಗೆ ಸರ್ಕಾರದ ಎಸ್.ಎನ್.ಆರ್., ಅಂದ್ರೆ ಶ್ರೀ ನರಸಿಂಹರಾಜ ಆಸ್ಪತ್ರೆ. 1986ರಲ್ಲಿ ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜು ಆರಂಭವಾಯ್ತು. ಅದರ ಹಿಂದೆ ನಿಂತ ಆರ್.ಎಲ್. ಜಾಲಪ್ಪನವರ ಹೆಸರು ಅಲ್ಲಿನ ಆಸ್ಪತ್ರೆಯಲ್ಲೇ ಉಳಿದಿದೆ. ಕಟ್ಟಡ ಬಂತು, ಡಾಕ್ಟರು ಬಂದ್ರು. ಆದ್ರೆ ಮಾಲೂರಿನಿಂದಲೋ ಮುಳಬಾಗಿಲಿನಿಂದಲೋ ಕೋಲಾರಕ್ಕೆ ಸುಮಾರು 30 ಕಿಲೋಮೀಟರ್. ಆ ದಾರಿಯ ಉದ್ದಕ್ಕೂ ಗಾಯಾಳುವಿನ ಜವಾಬ್ದಾರಿ ಯಾರದು? ಯಾರದ್ದೂ ಅಲ್ಲ.

ನಾನು ಓದಿದ್ದು ಎಂಜಿನಿಯರಿಂಗು. ನಮಗೆ ಸೀರೀಸ್ ಸರ್ಕ್ಯೂಟ್ ಅಂತ ಕಲಿಸ್ತಾರೆ. ಸಾಲಾಗಿ ಜೋಡಿಸಿದ ಬಲ್ಬುಗಳಲ್ಲಿ ಒಂದು ಹೋದ್ರೆ ಸಾಕು, ಎಲ್ಲವೂ ಆರಿಹೋಗುತ್ತೆ. ತುರ್ತು ಚಿಕಿತ್ಸೆಯೂ ಹಾಗೇನೇ. ಎತ್ತುವವನು, ಗಾಡಿ, ಬಾಗಿಲು ತೆಗೆಯುವ ಆಸ್ಪತ್ರೆ, ಒಳಗಿರೋ ಕೈ. ನಾಲ್ಕೂ ಉರಿಯಬೇಕು. ನಮ್ಮಲ್ಲಿ ಈ ನಾಲ್ಕೂ ಬೇರೆ ಬೇರೆ ವರ್ಷ ಹೊತ್ತಿಕೊಂಡವು.

ಮೊದಲು ಬಾಗಿಲು. ದೆಹಲಿಯಲ್ಲಿ ಒಬ್ಬ ಸ್ಕೂಟರ್ ಸವಾರನಿಗೆ ಕಾರು ಗುದ್ದಿತು. ಹತ್ತಿರದ ಆಸ್ಪತ್ರೆಯವರು ಪೊಲೀಸ್ ಕೇಸು ನೋಡುವ ಆಸ್ಪತ್ರೆಗೆ ಹೋಗಿ ಅಂತ 20 ಕಿಲೋಮೀಟರ್ ದೂರ ಕಳಿಸಿದ್ರು, ದಾರಿಯಲ್ಲಿ ಆತ ಸತ್ತ. ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಹಿಡಿದುಕೊಂಡು ಪರಮಾನಂದ ಕಟಾರಾ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋದ್ರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಮೊದಲು ಜೀವ ಉಳಿಸಿ, ಪೊಲೀಸ್ ಕಾಗದ ಆಮೇಲೆ, ಇದು ಸರ್ಕಾರಿ, ಖಾಸಗಿ ಎಲ್ಲ ವೈದ್ಯರ ಕರ್ತವ್ಯ. ನಮ್ಮ ದೊಡ್ಡಪ್ಪನಿಗೆ ಬಾಗಿಲು ಮುಚ್ಚಿದ್ದು ಅದಾಗಿ 9 ವರ್ಷಕ್ಕೆ! ತೀರ್ಪು ದೆಹಲಿಯಿಂದ ನಮ್ಮ ಹೆದ್ದಾರಿಗೆ ಇನ್ನೂ ತಲುಪಿರಲಿಲ್ಲ.

ಎರಡನೆಯದು ಗಾಡಿ. 2008ರ ನವೆಂಬರ್ 1, ರಾಜ್ಯೋತ್ಸವದ ದಿನ ರಾಜ್ಯದಲ್ಲಿ ‘ಆರೋಗ್ಯ ಕವಚ’ ಶುರುವಾಯ್ತು. ನಮ್ಮ ಬಾಯಲ್ಲಿ ಅದು ಬರೀ ‘ನೂರಾ ಎಂಟು’. ಅಲ್ಲಿವರೆಗೆ ಟೊಮ್ಯಾಟೊ ಹೊರುವ ಟೆಂಪೊನೇ ನಮ್ಮ ಆ್ಯಂಬುಲೆನ್ಸು. ಈಗ ಆಕ್ಸಿಜನ್ ಇರೋ ಗಾಡಿ, ಜೊತೆಗೆ ತರಬೇತಿ ಪಡೆದ ಒಬ್ಬ ಸಿಬ್ಬಂದಿ.

ಮೂರನೆಯದು ಒಳಗಿರೋ ಕೈ. ತುಂಬಾ ಕಾಲ ಕ್ಯಾಶುವಾಲ್ಟಿ ಅಂದ್ರೆ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕಿರಿಯ ಡಾಕ್ಟರನ್ನು ನೈಟ್ ಡ್ಯೂಟಿಗೆ ಕೂರಿಸುವ ಜಾಗ. ಭಾರತೀಯ ವೈದ್ಯಕೀಯ ಮಂಡಳಿ ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ತಜ್ಞತೆ ಅಂತ ಒಪ್ಪಿಕೊಂಡಿದ್ದೇ 2009ರಲ್ಲಿ. ಅಮೆರಿಕದಲ್ಲಿ ಅದು 1979ರಲ್ಲೇ ಆಗಿತ್ತು. ಹಾಗಂತ ಅಲ್ಲೂ ಹಳ್ಳಿಯ ಆಸ್ಪತ್ರೆ ಹಳ್ಳಿಯದೇ. 1976ರಲ್ಲಿ ಜೇಮ್ಸ್ ಸ್ಟೈನರ್ ಅನ್ನೋ ಮೂಳೆ ತಜ್ಞರು ಓಡಿಸ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಗಾಯ. ಅಲ್ಲಿನ ಸಣ್ಣ ಆಸ್ಪತ್ರೆಯವರಿಗೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಗೊತ್ತಿರಲಿಲ್ಲ. ಆ ನೋವಿನಿಂದ ಹುಟ್ಟಿದ ತರಬೇತಿ ಇವತ್ತು ಪ್ರಪಂಚದ ಟ್ರಾಮಾ ಡಾಕ್ಟರುಗಳ ಮೊದಲ ಪಾಠ: ರಕ್ತ ಧಾರಾಕಾರವಾಗಿ ಹರೀತಿದ್ರೆ ಮೊದಲು ಅದನ್ನು ತಡಿ, ಇಲ್ಲದಿದ್ರೆ ಮೊದಲು ಗಂಟಲಿನ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತ. ರಕ್ತ ಧಾರಾಕಾರವಾಗಿ ಹರೀತಿಲ್ಲ ಅಂದ್ರೆ, ಎಷ್ಟೇ ಭೀಕರವಾಗಿ ಕಾಲು ಮುರಿದಿರಲಿ, ಉಸಿರಿನ ದಾರಿ ನೋಡದೆ ಕಾಲಿಗೆ ಕೈ ಹಾಕೋ ಹಾಗಿಲ್ಲ.

ಈ ಕೌಶಲ ನಮ್ಮ ಊರುಗಳಲ್ಲಿ ಎಲ್ಲೆಲ್ಲಿ ಬೇಕು ನೋಡಿ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಮರದಿಂದ ಬಿದ್ದವನನ್ನು ಮಡಚಿ ಆಟೋಗೆ ತುರುಕಿದ್ರೆ, ಉಳಿಯಬಹುದಾಗಿದ್ದ ಬೆನ್ನುಹುರಿಯೂ ಹೋಗಬಹುದು. ಕುತ್ತಿಗೆ-ಬೆನ್ನು ಅಲುಗದ ಹಾಗೆ ಹಲಗೆಯ ಮೇಲೆ ಎತ್ತಬೇಕು. ಮಾಲೂರಿನ ಕಾರ್ಖಾನೆಗಳಲ್ಲಿ ಬೆರಳು ತುಂಡಾದ್ರೆ ತುಂಡನ್ನು ನೇರವಾಗಿ ಐಸಿನಲ್ಲಿ ಹಾಕಬಾರದು. ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸಿನ ಮೇಲಿಡಬೇಕು. ಕೋಲಾರದ ಟೊಮ್ಯಾಟೊ ತೋಟದಲ್ಲಿ ಔಷಧಿ ಹೊಡೆಯುವಾಗ ವಿಷ ಏರಿದ್ರೆ ಮೊದಲು ಬಟ್ಟೆ ಬಿಚ್ಚಿ ಮೈ ತೊಳೀಬೇಕು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಒಂದು ಇಂಜೆಕ್ಷನ್ನಿಗೆ ಮುಗಿಯಲ್ಲ. ಕೆಲವೇ ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು, ಶ್ವಾಸಕೋಶದ ನೀರು ಇಳಿಯೋವರೆಗೆ ಡೋಸ್ ಏರಿಸ್ತಾ ಹೋಗಬೇಕು. ರಾತ್ರಿಯಿಡೀ ಆ ಕೆಲಸ ಮಾಡೋ ಡಾಕ್ಟರು, ನರ್ಸಿನ ಮುಖ ನಮ್ಮ ಕ್ಯಾಮೆರಾಗೆ ಕಾಣಲ್ಲ. ಅವರ ಮೇಲೆ ಹಲ್ಲೆಯಾದಾಗ ಮಾತ್ರ ಕಾಣುತ್ತೆ. ಅದನ್ನು ತಡೆಯೋಕೆ 2009ರಲ್ಲಿ ರಾಜ್ಯ ಒಂದು ಕಾನೂನನ್ನೇ ಮಾಡಬೇಕಾಯ್ತು!

ನಾಲ್ಕನೆಯದು ಎತ್ತುವವನು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಅನ್ನೋ ಯುವಕ, ದೇಹ ಎರಡು ತುಂಡಾಗಿದ್ರೂ ನನ್ನ ಕಣ್ಣು ದಾನ ಮಾಡಿ ಅಂದ. ನಾಡೇ ಅತ್ತಿತು. ಆತನ ಹೆಸರಿನಲ್ಲೇ ಮುಂದಿನ ತಿಂಗಳು ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಬಂತು: ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುವನ್ನು ಎತ್ತಿಕೊಂಡು ಬಂದವರಿಗೆ ಕಿರುಕುಳ ಕೊಡಬಾರದು ಅನ್ನೋ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ತಂತು. ಅಂದ್ರೆ ಇವತ್ತು ನೀವು ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಒಬ್ಬನನ್ನು ಆಸ್ಪತ್ರೆಗೆ ಬಿಟ್ರೆ, ಹೆಸರು ಹೇಳಲೇಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಆದ್ರೂ ಎಷ್ಟು ಜನ ಕೈಯಲ್ಲಿ ಮೊಬೈಲ್ ಹಿಡ್ಕೊಂಡು ವಿಡಿಯೋ ಮಾಡ್ತಾ ನಿಲ್ತಾರೆ! ಆ ವಿಡಿಯೋ ಕೊನೆಗೆ ಬರೋದು ನಮ್ಮ ಚಾನೆಲ್ಲುಗಳಿಗೇ. ನಮ್ಮ ಪಾಲೂ ಇದೆ, ಒಪ್ಪಿಕೊಳ್ತೀನಿ.

ಈಗ ಹೊಸಕೋಟೆಯಿಂದ ಮಾಲೂರು, ಬೇತಮಂಗಲದ ಕಡೆ ಹೊಸ ಎಕ್ಸ್‌ಪ್ರೆಸ್‌ವೇ ಬಂದಿದೆ. ಕರ್ನಾಟಕದೊಳಗೆ ಸುಮಾರು 71 ಕಿಲೋಮೀಟರ್. ವೇಗ ಹೆಚ್ಚಾದಷ್ಟೂ ಗಾಯ ಆಳ. ಚಿನ್ನಕ್ಕೆ ಆಳ ತೋಡಿದಾಗ ಕಂಪನಿ ಜೊತೆಯಲ್ಲೇ ಆಸ್ಪತ್ರೆ ಕಟ್ಟಿತು. ರಸ್ತೆಗೆ ನೂರಾರು ಕೋಟಿ ಸುರಿಯುವಾಗ ಪಕ್ಕದ ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ ಅಂತ ಕೇಳೋದು ತಪ್ಪಾ?

ದೆಹಲಿಯ ಆ ಸ್ಕೂಟರ್ ಸವಾರನ ಬಗ್ಗೆ ವರದಿ ಬರೆದವರು ‘ಸ್ಥಳದಲ್ಲೇ ಸಾವು’ ಅಂತ ಬರೆದು ಸುಮ್ಮನಾಗಿದ್ರೆ ದೇಶಕ್ಕೆ ಆ ತೀರ್ಪು ಸಿಗ್ತಿರಲಿಲ್ಲ. ಹಾಗಾಗಿ ನಮ್ಮ ಡೆಸ್ಕಿಗೆ ನಾನೊಂದು ಮಾತು ಹೇಳಿದ್ದೀನಿ. ಖಚಿತವಾಗಿ ಗೊತ್ತಿಲ್ಲದೆ ಆ ಎರಡು ಪದ ಹಾಕಬೇಡಿ. ಫೋನ್ ಮಾಡಿ ಕೇಳಿ: ಅಪಘಾತ ಆಗಿದ್ದು ಎಷ್ಟು ಗಂಟೆಗೆ, ಗಾಡಿ ಬಂದಿದ್ದು ಎಷ್ಟಕ್ಕೆ, ಆಸ್ಪತ್ರೆ ಮುಟ್ಟಿದ್ದು ಎಷ್ಟಕ್ಕೆ? ಉತ್ತರ ಸಿಕ್ಕರೆ ಅದನ್ನೇ ಸುದ್ದಿ ಮಾಡೋಣ.